ವರ್ಷದ ಆಲ್ಬಂ ಯಾವುದು? ಮತ ಎಣಿಸುವ ವಿಧಾನಗಳ ಹೋಲಿಕೆ

ಒಂಬತ್ತು ಜನರ ಗುಂಪು. ಕೊನೆಯ ಸುತ್ತಿಗೆ ಉಳಿದಿರುವ ಆಲ್ಬಂ ಮೂರು: ‘ಕ’, ‘ಖ’, ‘ಗ’. ನಾಲ್ವರ ಚೀಟಿಯಲ್ಲಿ ‘ಕ’ ಮೊದಲು, ‘ಗ’ ಎರಡನೆಯದು, ‘ಖ’ ಕೊನೆ. ಮೂವರು ‘ಖ’, ‘ಗ’, ‘ಕ’ ಎಂದು ಬರೆದಿದ್ದಾರೆ. ಉಳಿದಿಬ್ಬರದು ‘ಗ’, ‘ಖ’, ‘ಕ’. ಗೆದ್ದದ್ದು ಯಾವುದು?

ಮೊದಲ ಸ್ಥಾನಗಳನ್ನಷ್ಟೇ ಎಣಿಸಿದರೆ 4–3–2. ‘ಕ’ ಗೆದ್ದಿತು. ತೀರಾ ಕಡಿಮೆ ಮತ ಬಿದ್ದದ್ದನ್ನು ತೆಗೆದುಹಾಕಿ, ಆ ಚೀಟಿಗಳನ್ನು ಅವರವರ ಎರಡನೇ ಆಯ್ಕೆಗೆ ದಾಟಿಸಿದರೆ ‘ಗ’ ಹೊರಬೀಳುತ್ತದೆ, ಅದರ ಎರಡೂ ಮತ ‘ಖ’ಗೆ ಸೇರುತ್ತವೆ, ‘ಖ’ 5–4ರಿಂದ ಗೆಲ್ಲುತ್ತದೆ. ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಟ್ಟು ಕೂಡಿದರೆ ‘ಗ’ಗೆ 20, ಮಿಕ್ಕೆರಡಕ್ಕೂ ತಲಾ 17. ಈ ಸಲ ‘ಗ’.

ಒಂದು ಚೀಟಿಯನ್ನೂ ತಿದ್ದಿಲ್ಲ, ಒಬ್ಬರ ಮನಸ್ಸೂ ಬದಲಾಗಿಲ್ಲ, ಆದರೂ ಮೂರು ಲೆಕ್ಕಕ್ಕೆ ಮೂರು ವಿಜೇತರು. ಆದ್ದರಿಂದ ಎಣಿಕೆಯ ಕ್ರಮವನ್ನು ಮೊದಲ ಚೀಟಿ ಬೀಳುವ ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಚೀಟಿ ಬಿಚ್ಚಿದ ಮೇಲೆ ಕ್ರಮದ ಚರ್ಚೆಗೆ ಕೂತರೆ ತಮ್ಮ ಆಲ್ಬಂ ಗೆಲ್ಲುವ ಲೆಕ್ಕವೇ ನ್ಯಾಯವಾದ ಲೆಕ್ಕ ಎಂದು ಪ್ರತಿಯೊಬ್ಬರೂ ವಾದಿಸುತ್ತಾರೆ, ಪ್ರಾಮಾಣಿಕವಾಗಿಯೇ. ಯಾವ ಕ್ರಮ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಎಣಿಕೆಗೂ ಮೊದಲು: ಯಾವುದು ಆಲ್ಬಂ, ಯಾವುದು ಈ ವರ್ಷದ್ದು

‘ವರ್ಷ’ ಎಂದರೆ ಜನವರಿಯಿಂದ ಡಿಸೆಂಬರ್ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಪ್ರಶಸ್ತಿಗಳು ಹಾಗೆ ನಡೆಯುವುದಿಲ್ಲ. 67ನೇ ಗ್ರ್ಯಾಮಿಯ ಅರ್ಹತಾ ಅವಧಿ 2023ರ ಸೆಪ್ಟೆಂಬರ್ 16ರಿಂದ 2024ರ ಆಗಸ್ಟ್ 30ರವರೆಗೆ ಇತ್ತು. ಪತ್ರಿಕೆಗಳ ವರ್ಷಾಂತ್ಯದ ಪಟ್ಟಿಗಳು ಬಹುಪಾಲು ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ ಹೊರಬೀಳುತ್ತವೆ. ಹಾಗಾಗಿ ಡಿಸೆಂಬರ್‌ನಲ್ಲಿ ಬಂದ ಆಲ್ಬಂಗಳು ಎರಡು ವರ್ಷಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತವೆ. ಬಿಯಾನ್ಸೆ ತನ್ನದೇ ಹೆಸರಿನ ಆಲ್ಬಂ ಅನ್ನು ಮುನ್ಸೂಚನೆಯಿಲ್ಲದೆ ಬಿಡುಗಡೆ ಮಾಡಿದ್ದು 2013ರ ಡಿಸೆಂಬರ್ 13ರಂದು. ಅಷ್ಟರಲ್ಲಾಗಲೇ ಎಷ್ಟೋ ಪಟ್ಟಿಗಳು ಅಚ್ಚಾಗಿದ್ದವು.

ಗುಂಪಿಗೆ ಎರಡು ದಾರಿಗಳಿವೆ. ಒಂದು, ಡಿಸೆಂಬರ್ 1ರಿಂದ ಮುಂದಿನ ನವೆಂಬರ್ 30ರವರೆಗಿನದನ್ನು ‘ವರ್ಷ’ ಎಂದು ಎಣಿಸುವುದು. ಇನ್ನೊಂದು, ಕ್ಯಾಲೆಂಡರ್ ವರ್ಷವನ್ನೇ ಇಟ್ಟುಕೊಂಡು ಮತದಾನವನ್ನು ಜನವರಿ ಕೊನೆಗೆ ತಳ್ಳುವುದು. ಎರಡನೆಯದೇ ಮೇಲು. ಡಿಸೆಂಬರ್‌ನ ಆಲ್ಬಂಗೂ ಕನಿಷ್ಠ ನಾಲ್ಕು ವಾರ ಕೇಳುವ ಕಾಲ ಸಿಗುತ್ತದೆ, ಬೇರೆಯವರ ಪಟ್ಟಿಗಳ ಗದ್ದಲವೂ ಅಷ್ಟರಲ್ಲಿ ಅಡಗಿರುತ್ತದೆ. ತೊಂದರೆ ಏನೆಂದರೆ ಜನವರಿ ಕೊನೆಗೆ ಅರ್ಧ ಗುಂಪಿನ ಉತ್ಸಾಹವೂ ಅಡಗಿರುತ್ತದೆ. ಚೀಟಿ ಕಳಿಸದವರ ಬೆನ್ನು ಹತ್ತುವ ಒಬ್ಬರು ಗುಂಪಿನಲ್ಲಿ ಇಲ್ಲದಿದ್ದರೆ ಮೊದಲನೆಯದನ್ನೇ ಆರಿಸಿ.

ಬಿಡುಗಡೆಯ ದಿನಾಂಕಕ್ಕೆ ಪೂರ್ತಿ ಆಲ್ಬಂ ಮೊದಲ ಬಾರಿ ಸಾರ್ವಜನಿಕವಾಗಿ ಸಿಕ್ಕ ದಿನವನ್ನೇ ಹಿಡಿಯಿರಿ. ಮುಂಚೆ ಬಂದ ಸಿಂಗಲ್‌ಗಳು, ಆರು ತಿಂಗಳ ನಂತರ ಬಂದ ವಿನೈಲ್ ಲೆಕ್ಕಕ್ಕಿಲ್ಲ. 2015ರ ಜುಲೈ 10ರಿಂದ ಶುಕ್ರವಾರವೇ ಜಾಗತಿಕ ಬಿಡುಗಡೆಯ ದಿನವಾಗಿರುವುದರಿಂದ ದೇಶದಿಂದ ದೇಶಕ್ಕೆ ದಿನಾಂಕ ಬೇರೆಯಾಗುವ ತಕರಾರು ಈಗ ಬಹಳ ಕಡಿಮೆ.

ಎಷ್ಟು ಉದ್ದವಿದ್ದರೆ ಆಲ್ಬಂ? ಗ್ರ್ಯಾಮಿ ನಿಯಮವನ್ನು ಹಾಗೇ ಎರವಲು ತಂದರೆ ಕೆಲಸ ಸುಲಭ: ಕನಿಷ್ಠ ಐದು ಬೇರೆ ಬೇರೆ ಟ್ರ್ಯಾಕ್ ಮತ್ತು ಒಟ್ಟು 15 ನಿಮಿಷ, ಇಲ್ಲವೇ ಟ್ರ್ಯಾಕ್ ಎಷ್ಟೇ ಇರಲಿ ಒಟ್ಟು 30 ನಿಮಿಷ. ಮರುಬಿಡುಗಡೆ, ರೀಮಾಸ್ಟರ್, ಆಯ್ದ ಹಾಡುಗಳ ಸಂಕಲನ ಇವನ್ನೆಲ್ಲ ಹೊರಗಿಡಿ. ಲೈವ್ ಆಲ್ಬಂ ಮತ್ತು ಚಿತ್ರಸಂಗೀತದ ಆಲ್ಬಂ ಬಗ್ಗೆ ಒಂದು ಸಾಲಿನ ತೀರ್ಮಾನವನ್ನು ಮೊದಲೇ ಬರೆದಿಡಿ, ಇಲ್ಲದಿದ್ದರೆ ಯಾರಾದರೂ ಕೊನೆಯ ದಿನ ತಗಾದೆ ತೆಗೆಯುವುದು ಖಂಡಿತ. ಡಿಲಕ್ಸ್ ಆವೃತ್ತಿ ಬಂದಿದ್ದರೆ ಮೂಲ ಆವೃತ್ತಿಯ ಹಾಡುಗಳನ್ನಷ್ಟೇ ಪರಿಗಣಿಸಿ. ಹನ್ನೊಂದು ಹಾಡಿನ ಬಿಗಿಯಾದ ಆಲ್ಬಂಗೆ ಆಮೇಲೆ ಎಂಟು ಹಾಡು ಅಂಟಿಸಿದ್ದರೆ ಒಬ್ಬರು 38 ನಿಮಿಷ ಕೇಳಿರುತ್ತಾರೆ, ಇನ್ನೊಬ್ಬರು 65 ನಿಮಿಷ. ಇಬ್ಬರೂ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಆಲ್ಬಂಗೆ ಮತ ಹಾಕಿದಂತಾಗುತ್ತದೆ.

ಪ್ಲೇ ಎಣಿಕೆ: ಸಾಕ್ಷಿ ಹೌದು, ತೀರ್ಪುಗಾರ ಅಲ್ಲ

‘ಹೆಚ್ಚು ಸಲ ಕೇಳಿದ್ದೇ ಹೆಚ್ಚು ಇಷ್ಟ’ ಎಂಬ ವಾದ ಕೇಳಲು ಸರಿಯಾಗಿಯೇ ಇದೆ. ಆದರೆ ಯಂತ್ರ ಏನನ್ನು ಎಣಿಸುತ್ತದೆ ಎಂದು ನೋಡಿ. ಸ್ಪಾಟಿಫೈನಲ್ಲಿ 30 ಸೆಕೆಂಡ್ ದಾಟಿದರೆ ಒಂದು ಸ್ಟ್ರೀಮ್. ಲಾಸ್ಟ್.ಎಫ್‌ಎಂ ಹಾಡಿನ ಅರ್ಧ ಭಾಗ ಅಥವಾ ನಾಲ್ಕು ನಿಮಿಷ, ಯಾವುದು ಮೊದಲೋ ಅಷ್ಟು ನುಡಿದ ಮೇಲೆ ದಾಖಲಿಸುತ್ತದೆ. ಎರಡೂ ಎಣಿಸುವುದು ಹಾಡನ್ನು, ಆಲ್ಬಂ ಅನ್ನಲ್ಲ. ಎರಡು ನಿಮಿಷದ ಇಪ್ಪತ್ತು ಹಾಡುಗಳಿರುವ ಆಲ್ಬಂ ಒಮ್ಮೆ ಮುಗಿದರೆ 20 ಪ್ಲೇ. ಹತ್ತು ನಿಮಿಷದ ನಾಲ್ಕು ರಚನೆಗಳಿರುವ ಆಲ್ಬಂ ಅಷ್ಟೇ ಹೊತ್ತು ನುಡಿದು 4 ಪ್ಲೇ ಗಳಿಸುತ್ತದೆ.

ಇನ್ನೊಂದು ಕಾಟ ಹಿಟ್ ಹಾಡಿನದು. ಹನ್ನೆರಡು ಹಾಡಿನ ಆಲ್ಬಂ ಒಂದಕ್ಕೆ 180 ಪ್ಲೇ ಬಿದ್ದಿವೆ ಎನ್ನಿ. ಬಿಡಿಸಿ ನೋಡಿದರೆ ಒಂದೇ ಹಾಡಿಗೆ 130, ಉಳಿದ ಹನ್ನೊಂದಕ್ಕೆ ಸೇರಿ 50. ಎಂಟು ಹಾಡಿನ ಇನ್ನೊಂದು ಆಲ್ಬಂಗೆ ಒಟ್ಟು 96 ಅಷ್ಟೇ, ಆದರೆ ಪ್ರತಿ ಹಾಡಿಗೂ 12ರ ಆಸುಪಾಸು. ಆಲ್ಬಂ ಆಗಿ ಕೇಳಿದ್ದು ಎರಡನೆಯದನ್ನು. ಇದನ್ನು ಸರಿಪಡಿಸಲು ಒಟ್ಟು ಸಂಖ್ಯೆ ಬಿಟ್ಟು ಮಧ್ಯದ ಸಂಖ್ಯೆ ನೋಡಬೇಕು: ಆಲ್ಬಂನ ಹಾಡುಗಳನ್ನು ಪ್ಲೇ ಎಣಿಕೆಯ ಪ್ರಕಾರ ಜೋಡಿಸಿ, ನಟ್ಟನಡುವೆ ಬರುವ ಹಾಡಿನ ಎಣಿಕೆಯನ್ನು ತೆಗೆದುಕೊಳ್ಳಿ. ಮೊದಲನೆಯದಕ್ಕೆ ಅದು ನಾಲ್ಕೈದು, ಎರಡನೆಯದಕ್ಕೆ ಹನ್ನೆರಡು.

ಇಷ್ಟಾದರೂ ಜನವರಿಯಲ್ಲಿ ಬಂದ ಆಲ್ಬಂಗೆ ನವೆಂಬರ್‌ನದಕ್ಕಿಂತ ಹತ್ತು ತಿಂಗಳ ಮುನ್ನಡೆ ಇದ್ದೇ ಇರುತ್ತದೆ, ಸ್ಪಾಟಿಫೈ ರ್ಯಾಪ್ಡ್‌ನಂಥ ವರ್ಷಾಂತ್ಯದ ವರದಿಗಳಲ್ಲಿ ಡಿಸೆಂಬರ್‌ನ ಕೇಳುವಿಕೆ ಸೇರಿಯೇ ಇರುವುದಿಲ್ಲ. ಕೆಲಸದ ಹಿನ್ನೆಲೆಗೆ, ನಿದ್ದೆಗೆ ಹಾಕಿಕೊಂಡ ಸಂಗೀತವೂ ಮೇಲೇರಿ ಕೂತಿರುತ್ತದೆ. ಮಾರ್ಚ್‌ನಲ್ಲಿ ಇಷ್ಟಪಟ್ಟು ಆಮೇಲೆ ಮರೆತ ಆಲ್ಬಂ ಅನ್ನು ನೆನಪಿಗೆ ತರಲು ಈ ಎಣಿಕೆ ಬಳಸಿ. ಮತದ ಜಾಗದಲ್ಲಿ ಬಳಸಬೇಡಿ.

ಹತ್ತಕ್ಕೆ ಎಷ್ಟು?

ಪ್ರತಿ ಆಲ್ಬಂಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಸರಾಸರಿ ತೆಗೆಯುವುದು ಎಲ್ಲರಿಗೂ ಗೊತ್ತಿರುವ ವಿಧಾನ, ಅತಿ ಹೆಚ್ಚು ಮೋಸಹೋಗುವ ವಿಧಾನವೂ ಇದೇ. ಮೂರು ತೊಡಕುಗಳಿವೆ.

ಒಂದು, ಕೇಳಿದವರ ಸಂಖ್ಯೆ. ಇಬ್ಬರು ಕೇಳಿ 9.5 ಸರಾಸರಿ ಪಡೆದ ಆಲ್ಬಂ, ಹತ್ತು ಜನ ಕೇಳಿ 8.4 ಪಡೆದದ್ದನ್ನು ಹಿಂದೆ ಹಾಕುತ್ತದೆ. ಯಾರಿಗೂ ಗೊತ್ತಿಲ್ಲದ ಆಲ್ಬಂ ಹುಡುಕಿ ತರುವವರು ಅದನ್ನು ಇಷ್ಟಪಟ್ಟೇ ತಂದಿರುತ್ತಾರೆ, ಕಡಿಮೆ ಅಂಕ ಕೊಡುವವರು ಅದನ್ನು ಇನ್ನೂ ಕೇಳಿರುವುದಿಲ್ಲ. ಇದಕ್ಕೆ ಪರಿಹಾರ ಹೀಗಿದೆ: ಪ್ರತಿ ಆಲ್ಬಂಗೂ ಗುಂಪಿನ ಒಟ್ಟಾರೆ ಸರಾಸರಿಯಷ್ಟು ಅಂಕದ ನಾಲ್ಕು ಕಾಲ್ಪನಿಕ ಚೀಟಿಗಳನ್ನು ಸೇರಿಸಿ ಆಮೇಲೆ ಸರಾಸರಿ ತೆಗೆಯಿರಿ. ಗುಂಪಿನ ಒಟ್ಟಾರೆ ಸರಾಸರಿ 7 ಎಂದಾದರೆ ಮೊದಲನೆಯದು (19 + 28) ÷ 6, ಅಂದರೆ 7.83. ಎರಡನೆಯದು (84 + 28) ÷ 14, ಅಂದರೆ 8. ಸ್ಥಾನ ಅದಲುಬದಲಾಯಿತು. ನಾಲ್ಕೇ ಏಕೆ? ನಿಯಮವೇನೂ ಇಲ್ಲ, ಹತ್ತು ಹನ್ನೆರಡು ಜನರಿರುವಲ್ಲಿ ಮೂರರಿಂದ ಐದು ಸಾಕು. ಹೆಚ್ಚಿಸಿದಷ್ಟೂ ಎಲ್ಲರೂ ಕೇಳಿರುವ ಜನಪ್ರಿಯ ಆಲ್ಬಂಗಳಿಗೆ ಲಾಭ.

ಎರಡು, ಅಳತೆಗೋಲು. ಒಬ್ಬರ 7 ಎಂದರೆ ‘ಪರವಾಗಿಲ್ಲ’, ಇನ್ನೊಬ್ಬರ 7 ಎಂದರೆ ‘ಅದ್ಭುತ’. 2ರಿಂದ 10ರವರೆಗೆ ಪೂರ್ತಿ ಬಳಸುವವರ ಮತ, 7ರಿಂದ 9ರ ನಡುವೆಯೇ ಓಡಾಡುವವರ ಮತಕ್ಕಿಂತ ಫಲಿತಾಂಶವನ್ನು ಹೆಚ್ಚು ಎಳೆದಾಡುತ್ತದೆ. ಪ್ರತಿಯೊಬ್ಬರ ಅಂಕಗಳಿಂದ ಅವರದೇ ಸರಾಸರಿಯನ್ನು ಕಳೆದರೆ ಧಾರಾಳಿಗಳೂ ಜಿಪುಣರೂ ಒಂದು ಮಟ್ಟಕ್ಕೆ ಬರುತ್ತಾರೆ. ಹರವಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ, ಅದನ್ನೂ ತೆಗೆಯಬೇಕೆಂದರೆ ಅವರವರ ಪ್ರಮಾಣ ವಿಚಲನೆಯಿಂದ (ಅಂಕಗಳು ಎಷ್ಟು ಹರಡಿವೆ ಎಂಬುದರ ಅಳತೆ) ಭಾಗಿಸಬೇಕು. ಒಬ್ಬರಿಂದ ಹತ್ತಾದರೂ ಅಂಕಗಳಿಲ್ಲದಿದ್ದರೆ ಈ ಕಸರತ್ತಿಗೆ ಅರ್ಥವಿಲ್ಲ.

ಮೂರು, ಕಾಲ. ಫೆಬ್ರವರಿಯಲ್ಲಿ ಕೊಟ್ಟ 8 ಮತ್ತು ಅಕ್ಟೋಬರ್‌ನಲ್ಲಿ ಕೊಟ್ಟ 8 ಒಂದೇ ಅಲ್ಲ, ನಡುವೆ ಕೇಳಿದ ನಲವತ್ತು ಆಲ್ಬಂಗಳು ಅಳತೆಗೋಲನ್ನೇ ಬಗ್ಗಿಸಿರುತ್ತವೆ. ವರ್ಷವಿಡೀ ಅಂಕ ಬರೆದಿಡುವುದು ಒಳ್ಳೆಯ ರೂಢಿಯೇ, ಆದರೆ ಕೊನೆಯಲ್ಲಿ ಅವನ್ನು ಹಾಗೇ ಕೂಡಬೇಡಿ. ಮೇಲಿನ ಹದಿನೈದನ್ನು ಮತ್ತೆ ಕೇಳಿ ಸ್ಥಾನ ಕೊಡಿ.

ಸ್ಥಾನಕ್ಕೆ ಅಂಕ

ಒಂದರಿಂದ ಹತ್ತರವರೆಗೆ ಪಟ್ಟಿ ಬರೆಸಿ, ಮೊದಲನೆಯದಕ್ಕೆ 10, ಕೊನೆಯದಕ್ಕೆ 1. ಫ್ರಾನ್ಸಿನ ಜಾನ್ ಶಾರ್ಲ್ ದ ಬೋರ್ಡಾ 1770ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ಕ್ರಮವಿದು, ಬೋರ್ಡಾ ಎಣಿಕೆ ಎಂದೇ ಹೆಸರು. ಅಳತೆಗೋಲಿನ ತೊಡಕು ಇಲ್ಲಿಲ್ಲ, ಯಾರ ಚೀಟಿಯಲ್ಲಾದರೂ ಇರುವುದು ಅದೇ ಐವತ್ತೈದು ಅಂಕ.

ಎಲ್ಲರಿಗೂ ಸಾಕಷ್ಟು ಇಷ್ಟವಾದ ಆಲ್ಬಂ ಇದರಲ್ಲಿ ಮೇಲೇಳುತ್ತದೆ. ಕೆಲವರಿಗೆ ಹುಚ್ಚು ಹಿಡಿಸಿ ಉಳಿದವರು ಮೂಗು ಮುರಿದ ಆಲ್ಬಂ ಕೆಳಗಿಳಿಯುತ್ತದೆ. ಇದು ಗುಣವೋ ದೋಷವೋ ಎನ್ನುವುದು ನಿಮ್ಮ ಉದ್ದೇಶಕ್ಕೆ ಬಿಟ್ಟದ್ದು, ಮತ್ತು ಅದನ್ನು ತಿರುಗಿಸುವ ಗುಂಡಿ ಅಂಕಗಳ ಇಳಿಜಾರಿನಲ್ಲಿದೆ. ಆರಂಭದ ಒಂಬತ್ತು ಚೀಟಿಗಳನ್ನೇ ತೆಗೆದುಕೊಳ್ಳಿ. 3–2–1 ಬದಲು 5–2–1 ಕೊಟ್ಟರೆ ‘ಕ’ 25, ‘ಗ’ 24, ‘ಖ’ 23. ಮೊದಲ ಸ್ಥಾನದ ತೂಕ ಸ್ವಲ್ಪ ಏರಿದ್ದೇ ತಡ, ವಿಜೇತ ಬದಲಾಯಿತು. 1975ರಿಂದ ಯೂರೋವಿಷನ್ ಸ್ಪರ್ಧೆಯಲ್ಲಿ ಬಳಕೆಯಲ್ಲಿರುವ 12, 10, 8, 7, 6, 5, 4, 3, 2, 1 ಎಂಬ ಸರಣಿ ನಡುದಾರಿ: ಮೇಲಿನೆರಡು ಮೆಟ್ಟಿಲು ಕಡಿದು, ಉಳಿದವು ಸಮ. ಹತ್ತು ಆಲ್ಬಂಗಳ ಚೀಟಿಗೆ ಇದನ್ನೇ ಧೈರ್ಯವಾಗಿ ಇಟ್ಟುಕೊಳ್ಳಬಹುದು. ಒಬ್ಬ ಸಾಮಾನ್ಯ ಕೇಳುಗನಿಗೆ ತನ್ನ ಮೊದಲ ಮೂರರ ಕ್ರಮ ಖಚಿತವಾಗಿ ಗೊತ್ತಿರುತ್ತದೆ, ಆರನೆಯದೋ ಏಳನೆಯದೋ ಎಂಬುದು ಆ ದಿನದ ಮನಸ್ಸಿನ ಮೇಲೆ ಹೋಗುತ್ತದೆ. ಅಂಕದ ಅಂತರವೂ ಅದಕ್ಕೆ ತಕ್ಕಂತೆ ಇದ್ದರೆ ಸರಿ.

ಬೋರ್ಡಾ ಎಣಿಕೆಯ ಮೇಲಿನ ಹಳೆಯ ಆರೋಪ, ಎದುರಾಳಿಯನ್ನು ಬೇಕೆಂದೇ ಕೊನೆಗೆ ತಳ್ಳಬಹುದು ಎಂಬುದು. ನಿಜ, ತಳ್ಳಬಹುದು. ಆದರೆ ಅದೇ ಒಂಬತ್ತು ಚೀಟಿಗಳಲ್ಲಿ ಪ್ರಯತ್ನಿಸಿ ನೋಡಿ. ‘ಗ’ ಗೆಲ್ಲುವ ಸೂಚನೆ ಕಂಡು ‘ಕ’ ಅಭಿಮಾನಿಗಳು ನಾಲ್ವರೂ ಅದನ್ನು ಕೊನೆಗೆ ಹಾಕಿ ‘ಖ’ವನ್ನು ಎರಡಕ್ಕೆ ಏರಿಸಿದರು ಎನ್ನಿ. ಈಗ ‘ಖ’ 21, ‘ಕ’ 17, ‘ಗ’ 16. ತಮಗೆ ಎಲ್ಲಕ್ಕಿಂತ ಬೇಡವಾಗಿದ್ದ ಆಲ್ಬಂ ಅನ್ನೇ ಗೆಲ್ಲಿಸಿಕೊಟ್ಟರು. ‘ಖ’ ಅಭಿಮಾನಿಗಳು ಮೂವರು ಅದೇ ಆಟ ಆಡಿದರೂ ಗತಿ ಅದೇ: ‘ಕ’ 20, ಉಳಿದವು 17, 17. ಉಳಿದವರ ಚೀಟಿ ಗೊತ್ತಿಲ್ಲದೆ ತಂತ್ರ ಹೂಡಿದರೆ ತಿರುಗುಬಾಣ. ಆದ್ದರಿಂದ ಚೀಟಿಗಳನ್ನು ಗುಟ್ಟಾಗಿ ತರಿಸಿಕೊಂಡು ಒಟ್ಟಿಗೆ ಬಿಚ್ಚಿದರೆ ಅರ್ಧ ರಾಜಕೀಯ ಅಲ್ಲೇ ಸತ್ತುಹೋಗುತ್ತದೆ. ಪೂರ್ತಿ ಸಾಯುವುದಿಲ್ಲ. ಮೂರು ಅಥವಾ ಹೆಚ್ಚು ಸ್ಪರ್ಧಿಗಳಿರುವಲ್ಲಿ, ಒಬ್ಬರದೇ ಚೀಟಿ ಎಲ್ಲವನ್ನೂ ನಿರ್ಧರಿಸದಿದ್ದರೆ, ತಂತ್ರಕ್ಕೆ ಎಂದೂ ಬಗ್ಗದ ಸ್ಥಾನಪಟ್ಟಿಯ ಮತಪದ್ಧತಿ ಸಾಧ್ಯವಿಲ್ಲ ಎಂದು ಗಿಬರ್ಡ್ 1973ರಲ್ಲಿ, ಸ್ಯಾಟರ್ತ್‌ವೈಟ್ 1975ರಲ್ಲಿ ಗಣಿತದಿಂದಲೇ ತೋರಿಸಿದ್ದಾರೆ.

ನೂರು ಅಂಕ ಹಂಚುವುದು

ನ್ಯೂಯಾರ್ಕಿನ ‘ದಿ ವಿಲೇಜ್ ವಾಯ್ಸ್’ ಪತ್ರಿಕೆಯ ಪ್ಯಾಝ್ ಆಂಡ್ ಜಾಪ್ ಸಮೀಕ್ಷೆಯ ಕ್ರಮವಿದು. ವಿಮರ್ಶಕರು ಹತ್ತು ಆಲ್ಬಂ ಆರಿಸಿ ಅವುಗಳಿಗೆ ಒಟ್ಟು 100 ಅಂಕ ಹಂಚಬೇಕಿತ್ತು, ಒಂದಕ್ಕೆ 5ಕ್ಕಿಂತ ಕಡಿಮೆ ಇಲ್ಲ, 30ಕ್ಕಿಂತ ಹೆಚ್ಚಿಲ್ಲ. ಸ್ಥಾನದ ಜೊತೆಗೆ ತೀವ್ರತೆಯೂ ಚೀಟಿಯಲ್ಲಿ ಬೀಳುವುದು ಇದರ ಹೆಚ್ಚುಗಾರಿಕೆ. ಮೊದಲ ಮೂರರ ನಡುವೆ ವ್ಯತ್ಯಾಸವೇ ಇಲ್ಲ ಎನಿಸಿದವರು 14, 14, 14 ಎಂದು ಬರೆಯಬಹುದು, ಒಂದೇ ಆಲ್ಬಂ ಮುಗಿಲು ಮುಟ್ಟಿದ ವರ್ಷ 30 ಕೊಡಬಹುದು.

5 ಮತ್ತು 30ರ ಮಿತಿಗಳು ಸುಮ್ಮನೆ ಹಾಕಿದ್ದಲ್ಲ. ಈ ಮಿತಿಯೊಳಗೆ ಅತಿ ಹೆಚ್ಚು ಎಂದರೆ ಎರಡು ಆಲ್ಬಂಗೆ 30 ಕೊಟ್ಟು ಉಳಿದ ಎಂಟಕ್ಕೆ ತಲಾ 5 ಕೊಡಬಹುದು, ಲೆಕ್ಕ ಸರಿಯಾಗಿ ನೂರಕ್ಕೆ ಮುಗಿಯುತ್ತದೆ. ಮಿತಿಗಳನ್ನು ತೆಗೆದರೆ ಒಬ್ಬ ಹಟಮಾರಿ ಒಂದೇ ಆಲ್ಬಂಗೆ 90 ಸುರಿಯುತ್ತಾನೆ, ಸಣ್ಣ ಗುಂಪಿನಲ್ಲಿ ಅಲ್ಲಿಗೆ ಫಲಿತಾಂಶ ಮುಗಿದಂತೆ. ಎಂಟು ಹತ್ತು ಜನರಿರುವಲ್ಲಿ 30 ಕೂಡ ಹೆಚ್ಚು, 20ಕ್ಕೆ ಇಳಿಸಿ. ಚೀಟಿ ಹೊರಗೆ ಬಂದಾಗ ಒಟ್ಟು ಅಂಕದ ಪಕ್ಕದಲ್ಲಿ ಎಷ್ಟು ಜನ ಹೆಸರಿಸಿದ್ದಾರೆ ಎಂಬುದನ್ನೂ ಹಾಕಿ. 84 ಅಂಕ, 9 ಮಂದಿ ಮತ್ತು 84 ಅಂಕ, 5 ಮಂದಿ, ಇವೆರಡೂ ಬೇರೆ ಬೇರೆ ಜಾತಿಯ ಯಶಸ್ಸು, ಚರ್ಚೆಯ ಸೊಗಸೆಲ್ಲ ಅಲ್ಲಿರುತ್ತದೆ. ಇನ್ನು ಕೂಡುವಾಗ ತಪ್ಪುವುದು ಸಾಮಾನ್ಯ, ಹತ್ತರಲ್ಲಿ ಒಂದೆರಡು ಚೀಟಿಗಳಲ್ಲಾದರೂ ಮೊತ್ತ 98 ಅಥವಾ 105 ಆಗಿರುತ್ತದೆ. ಮೊತ್ತ 100 ಆಗದಿದ್ದರೆ ಕೆಂಪು ತೋರಿಸುವ ಒಂದು ಕೋಶವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಇಟ್ಟುಬಿಡಿ.

ಬರೀ ಟಿಕ್

ಇಷ್ಟವಾದ ಆಲ್ಬಂಗಳಿಗೆಲ್ಲ ಟಿಕ್, ಹೆಚ್ಚು ಟಿಕ್ ಸಿಕ್ಕಿದ್ದು ಗೆಲುವು. ಆಸ್ಟ್ರೇಲಿಯಾದ ಟ್ರಿಪಲ್ ಜೆ ರೇಡಿಯೋದ ಹಾಟೆಸ್ಟ್ 100 ಹಾಡುಗಳ ಸಮೀಕ್ಷೆಯಲ್ಲೂ ಪ್ರತಿಯೊಬ್ಬರಿಗೆ ಹತ್ತು ಮತ, ಎಲ್ಲಕ್ಕೂ ಸಮಾನ ತೂಕ. ನೂರಾರು ಜನರಿದ್ದು, ಸ್ಥಾನ ಬರೆಯುವಷ್ಟು ತಾಳ್ಮೆ ಯಾರಿಗೂ ಇಲ್ಲದಿದ್ದರೆ ಇದೇ ಸರಿ. ಸಣ್ಣ ಗುಂಪಿಗೆ ಬೇಡ, ಮೊದಲ ಐದರಲ್ಲಿ ನಾಲ್ಕು ಸಮಬಲವಾಗಿ ನಿಲ್ಲುತ್ತವೆ.

ಜೋಡಿಯಾಗಿ ಎದುರು ನಿಲ್ಲಿಸುವುದು

ಪ್ರತಿ ಆಲ್ಬಂ ಅನ್ನೂ ಉಳಿದ ಪ್ರತಿಯೊಂದರ ಎದುರು ನಿಲ್ಲಿಸಿ, ಎಲ್ಲ ಜೋಡಿಗಳಲ್ಲೂ ಬಹುಮತ ಪಡೆದದ್ದು ವಿಜೇತ. 1785ರಲ್ಲಿ ಫ್ರಾನ್ಸಿನ ಗಣಿತಜ್ಞ ಕೊಂಡೋರ್ಸೆ ಬರೆದದ್ದು. ಬೇರೆ ಮತದಾನ ಬೇಕಿಲ್ಲ, ಸ್ಥಾನಪಟ್ಟಿಯ ಚೀಟಿಗಳಿಂದಲೇ ತೆಗೆಯಬಹುದು. ನಮ್ಮ ಉದಾಹರಣೆಯಲ್ಲಿ ‘ಗ’ವು ‘ಕ’ವನ್ನು 5–4ರಿಂದಲೂ ‘ಖ’ವನ್ನು 6–3ರಿಂದಲೂ ಸೋಲಿಸುತ್ತದೆ. ಮೊದಲ ಸ್ಥಾನಗಳ ಎಣಿಕೆಯಲ್ಲಿ ಕೊನೆಗೆ ಬಿದ್ದದ್ದು, ಎಲಿಮಿನೇಶನ್‌ನಲ್ಲಿ ಮೊದಲ ಸುತ್ತಿಗೇ ಮನೆಗೆ ಹೋದದ್ದು ಇದೇ ಆಲ್ಬಂ ಎಂಬುದನ್ನು ಗಮನಿಸಿ. ಎರಡನೇ ಸ್ಥಾನಗಳಲ್ಲಿ ಬಲವಾಗಿರುವ ಆಲ್ಬಂಗಳನ್ನು ಎಲಿಮಿನೇಶನ್ ಹೀಗೆ ನುಂಗಿಹಾಕುತ್ತದೆ. ಕೊನೆಯಲ್ಲಿ ಒಂದೇ ಹೆಸರು ಬೇಕು, ಅದಕ್ಕೆ ಅರ್ಧಕ್ಕಿಂತ ಹೆಚ್ಚು ಜನರ ಬೆಂಬಲ ಇರಬೇಕು ಎಂದಾದರೆ ಮಾತ್ರ ಆ ದಾರಿ.

ಜೋಡಿ ಹೋಲಿಕೆಯ ಬಲವಾದ ಗುಣ, ಕೇಳದವರ ಸಮಸ್ಯೆಯನ್ನು ಅದು ಚೆನ್ನಾಗಿ ನಿಭಾಯಿಸುವುದು: ಒಂದು ಜೋಡಿಯನ್ನು ಎಣಿಸುವಾಗ ಎರಡನ್ನೂ ಕೇಳಿದವರ ಚೀಟಿ ಮಾತ್ರ ತೆಗೆದುಕೊಳ್ಳಿ. ತೊಡಕು ಚಕ್ರದ್ದು. ಒಬ್ಬರು ‘ಕ ಖ ಗ’, ಇನ್ನೊಬ್ಬರು ‘ಖ ಗ ಕ’, ಮತ್ತೊಬ್ಬರು ‘ಗ ಕ ಖ’ ಎಂದರೆ ‘ಕ’ವು ‘ಖ’ವನ್ನು, ‘ಖ’ವು ‘ಗ’ವನ್ನು, ‘ಗ’ವು ‘ಕ’ವನ್ನು ಸೋಲಿಸುತ್ತವೆ, ಎಲ್ಲವೂ 2–1. ಹಾಗಾದಾಗ ಆ ಚಕ್ರದೊಳಗಿನ ಆಲ್ಬಂಗಳಿಗಷ್ಟೇ ಸ್ಥಾನದ ಅಂಕ ಕೂಡಿ ಬಿಡಿಸಿ.

ಒಬ್ಬರೇ ಕೂತು ಸ್ವಂತ ಪಟ್ಟಿ ಮಾಡುವಾಗಲೂ ಜೋಡಿ ಹೋಲಿಕೆಯೇ ನಂಬಿಕಸ್ಥ. ಇಪ್ಪತ್ತು ಆಲ್ಬಂಗಳ ಎಲ್ಲ ಜೋಡಿಗಳನ್ನು ನೋಡಹೊರಟರೆ 190 ಆಗುತ್ತವೆ, ಅಷ್ಟು ಬೇಕಿಲ್ಲ. ಹೊಸ ಆಲ್ಬಂ ಅನ್ನು ಈವರೆಗಿನ ಪಟ್ಟಿಯ ನಡುವಿನದರ ಜೊತೆ ಹೋಲಿಸಿ. ಮೇಲು ಎನಿಸಿದರೆ ಮೇಲಿನ ಅರ್ಧದ ನಡುವಿನದರ ಜೊತೆ, ಇಲ್ಲದಿದ್ದರೆ ಕೆಳಗಿನ ಅರ್ಧದ್ದರ ಜೊತೆ. ಇಪ್ಪತ್ತನೆಯ ಆಲ್ಬಂಗೂ ಐದು ಪ್ರಶ್ನೆ ಮೀರುವುದಿಲ್ಲ. ‘ಇವೆರಡರಲ್ಲಿ ಈಗ ಒಂದನ್ನೇ ಮೊದಲಿನಿಂದ ಕೊನೆಯವರೆಗೆ ಕೇಳಬೇಕೆಂದರೆ ಯಾವುದು?’ ಎಂಬ ಒಂದೇ ಪ್ರಶ್ನೆಯನ್ನು ಉದ್ದಕ್ಕೂ ಇಟ್ಟುಕೊಳ್ಳಿ. ಒಮ್ಮೆ ಸಾಹಿತ್ಯ, ಇನ್ನೊಮ್ಮೆ ಮಹತ್ವ, ಮತ್ತೊಮ್ಮೆ ಇಷ್ಟ ಎಂದು ಪ್ರಶ್ನೆ ಜಾರಿದರೆ ನಿಮ್ಮೊಳಗೇ ಚಕ್ರ ಹುಟ್ಟುತ್ತದೆ.

ಹದಿನಾರು ಆಲ್ಬಂಗಳ ನಾಕೌಟ್ ಪಂದ್ಯಾವಳಿ ನೋಡಲು ಬಹಳ ಮಜಾ, ದಿನಕ್ಕೊಂದು ಜಗಳ ಗ್ಯಾರಂಟಿ. ಪಟ್ಟಿ ಮಾಡಲು ಮಾತ್ರ ಅದು ಕೆಲಸಕ್ಕೆ ಬಾರದು. ಚೀಟಿ ಎತ್ತಿ ಜೋಡಿ ಮಾಡಿದರೆ ಎರಡನೇ ಅತ್ಯುತ್ತಮ ಆಲ್ಬಂ ಫೈನಲ್‌ಗೆ ಮೊದಲೇ ಅತ್ಯುತ್ತಮದ ಎದುರು ಬಿದ್ದು ಹೊರಹೋಗುವ ಸಂಭವ 15ರಲ್ಲಿ 7. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬರೆದ ಲೂಯಿ ಕ್ಯಾರಲ್ 1883ರಲ್ಲೇ ಟೆನಿಸ್ ಪಂದ್ಯಾವಳಿಗಳ ಎರಡನೇ ಬಹುಮಾನದ ಬಗ್ಗೆ ಇದೇ ಆಕ್ಷೇಪ ಎತ್ತಿದ್ದರು.

ಎಲ್ಲ ವಿಧಾನಗಳನ್ನೂ ಕೆಡಿಸುವ ಒಂದು ದೋಷ

ಯಾವ ಲೆಕ್ಕ ಹಿಡಿದರೂ, ಎಲ್ಲರೂ ಒಂದೇ ಆಲ್ಬಂಗಳನ್ನು ಕೇಳಿಲ್ಲದಿದ್ದರೆ ಎಣಿಕೆ ಅಳೆಯುವುದು ಪರಿಚಯವನ್ನೇ. ಹತ್ತು ಜನ ಹತ್ತು ಹತ್ತು ಹೆಸರು ಕೊಟ್ಟರೆ ಅರವತ್ತೋ ಎಪ್ಪತ್ತೋ ಬೇರೆ ಬೇರೆ ಆಲ್ಬಂ ಬರುತ್ತವೆ, ಬಹುಪಾಲಿಗೆ ಒಂದೊಂದೇ ಮತ. ಗೆಲ್ಲುವುದು ಎಲ್ಲರ ಕಿವಿಗೂ ಬಿದ್ದ ಮೂರು ನಾಲ್ಕರಲ್ಲಿ ಒಂದು.

ಎರಡು ಸುತ್ತು ಮಾಡಿ. ಮೊದಲ ಸುತ್ತಿನಲ್ಲಿ ತಲಾ ಐದು ಹೆಸರು. ಎರಡಕ್ಕಿಂತ ಹೆಚ್ಚು ಜನ ಹೇಳಿದ್ದೆಲ್ಲ ಒಳಗೆ, ಜೊತೆಗೆ ಪ್ರತಿಯೊಬ್ಬರಿಗೂ ‘ಇದನ್ನು ನೀವೆಲ್ಲ ಕೇಳಲೇಬೇಕು’ ಎಂದು ಒಂದನ್ನು ತೂರಿಸುವ ಹಕ್ಕು. ಸಣ್ಣ ಗುಂಪಿನಲ್ಲಿ ಇದು ಸುಮಾರು ಹನ್ನೆರಡಕ್ಕೆ ಬಂದು ನಿಲ್ಲುತ್ತದೆ. ಹನ್ನೆರಡು ಆಲ್ಬಂ, ತಲಾ 40 ನಿಮಿಷ, ಎರಡೆರಡು ಸಲ ಕೇಳಿದರೆ 16 ಗಂಟೆ. ಮೂರು ವಾರಕ್ಕೆ ಹಂಚಿದರೆ ದಿನಕ್ಕೆ ಮುಕ್ಕಾಲು ಗಂಟೆ. ಇದಕ್ಕಿಂತ ಉದ್ದದ ಪಟ್ಟಿ ಕೊಟ್ಟರೆ ಜನ ಕೇಳದೆಯೇ ಕೇಳಿದೆವು ಎನ್ನುತ್ತಾರೆ. ಪಟ್ಟಿಯ ಕ್ರಮವನ್ನು ಪ್ರತಿಯೊಬ್ಬರಿಗೂ ಕಲಸಿ ಕಳಿಸಿ, ಇಲ್ಲದಿದ್ದರೆ ಹನ್ನೆರಡನೆಯದನ್ನು ಎಲ್ಲರೂ ದಣಿದ ಕಿವಿಯಲ್ಲೇ ಕೇಳುತ್ತಾರೆ.

ಕೇಳುವಾಗಿನ ಸೆಟ್ಟಿಂಗ್‌ಗಳು ಕೂಡ ಮತ ಹಾಕುತ್ತವೆ. ಎರಡು ಆಲ್ಬಂಗಳಲ್ಲಿ ಒಂದು ಒಂದೆರಡು ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನು ‘ಹೆಚ್ಚು ಜೋರು’ ಎನ್ನುವುದಿಲ್ಲ, ‘ಹೆಚ್ಚು ಚೆನ್ನ’ ಎನ್ನುತ್ತದೆ. ಸದ್ದು ತಗ್ಗಿದಾಗ ಬಾಸ್ ಬೇರೆ ಭಾಗಗಳಿಗಿಂತ ಬೇಗ ಮಾಯವಾಗುವುದೂ ಇದಕ್ಕೆ ಒಂದು ಕಾರಣ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅದನ್ನು ಅಳೆದಿದ್ದಾರೆ. ಆ್ಯಪ್‌ನಲ್ಲಿ ಸದ್ದು ಸಮಗೊಳಿಸುವ ಆಯ್ಕೆಯನ್ನು ಆನ್ ಮಾಡಿ. ಸ್ಪಾಟಿಫೈನ ಸಾಮಾನ್ಯ ಮಟ್ಟ −14 ಲಫ್ಸ್ (ಕಿವಿಗೆ ಕೇಳಿಸುವ ಸದ್ದಿನ ಅಳತೆ), ಆ್ಯಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ −16. ಅಂದರೆ ಒಂದು ಆಲ್ಬಂ ಇಲ್ಲಿ, ಇನ್ನೊಂದು ಅಲ್ಲಿ ಕೇಳಿದರೆ ಆ ಎರಡು ಡೆಸಿಬೆಲ್ ಅಲ್ಲೇ ಬಂದುಬಿಟ್ಟಿತು. ಸ್ವಂತ ಫೈಲ್‌ಗಳ ಸದ್ದು ಸಮಗೊಳಿಸಲು ರೀಪ್ಲೇಗೇನ್ ಬಳಸುವವರು ‘ಟ್ರ್ಯಾಕ್’ ಬದಲು ‘ಆಲ್ಬಂ’ ಆಯ್ಕೆ ಇಟ್ಟುಕೊಳ್ಳಿ. ಟ್ರ್ಯಾಕ್ ಆಯ್ಕೆಯಲ್ಲಿ ಮೆಲುದನಿಯ ಮಧ್ಯಂತರ ತುಣುಕೂ ಅಬ್ಬರದ ಹಾಡೂ ಒಂದೇ ಮಟ್ಟಕ್ಕೆ ಬಂದು ಆಲ್ಬಂನ ಏರಿಳಿತವೇ ಚಪ್ಪಟೆಯಾಗುತ್ತದೆ.

ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆ ಮುಂದಿನದರ ಆರಂಭದೊಳಗೆ ಬೆರೆಯುವುದು) ಆಫ್, ಶಫಲ್ ಆಫ್, ಆಟೋಪ್ಲೇ ಆಫ್. ಆಲ್ಬಂ ಪುಟದ ಪ್ಲೇ ಗುಂಡಿ ತಾನಾಗಿಯೇ ಶಫಲ್ ಮಾಡುತ್ತಿದ್ದ ಕಾಲವೊಂದಿತ್ತು, ಅಡೆಲ್ ಕೇಳಿಕೊಂಡ ಮೇಲೆ 2021ರ ನವೆಂಬರ್‌ನಲ್ಲಿ ಸ್ಪಾಟಿಫೈ ಅದನ್ನು ಬದಲಿಸಿತು. ಸ್ಪೇಷಿಯಲ್ ಆಡಿಯೋ ಮಿಕ್ಸ್ ಮತ್ತು ಸ್ಟೀರಿಯೋ ಮಿಕ್ಸ್ ಒಂದೇ ಅಲ್ಲ, ಗಾಯನದ ಜಾಗವೇ ಬದಲಾಗಿರುತ್ತದೆ, ಆದ್ದರಿಂದ ಎಲ್ಲರೂ ಸ್ಟೀರಿಯೋ ಎಂದು ಒಪ್ಪಿಕೊಳ್ಳಿ. ಹೆಡ್‌ಫೋನ್ ಯಾವುದು, ಬ್ಲೂಟೂತ್ ಕೋಡೆಕ್ ಯಾವುದು ಎಂಬ ಚರ್ಚೆಗೆ ಇಳಿಯಬೇಡಿ, ಅದಕ್ಕೆ ಕೊನೆಯಿಲ್ಲ.

ಹಾಗಾದರೆ ಯಾರಿಗೆ ಯಾವುದು

ಐದರಿಂದ ಹದಿನೈದು ಜನ, ಎಲ್ಲರೂ ಕಿರುಪಟ್ಟಿ ಕೇಳಿದ್ದಾರೆ: ಸ್ಥಾನಪಟ್ಟಿ ಬರೆಸಿ, ಜೋಡಿ ಹೋಲಿಕೆಯಿಂದ ವಿಜೇತರನ್ನು ತೆಗೆಯಿರಿ, ಎರಡರಿಂದ ಹತ್ತರವರೆಗಿನ ಸ್ಥಾನಗಳಿಗೆ 12–10–8 ಸರಣಿ ಬಳಸಿ. ಕಿರುಪಟ್ಟಿ ಕೇಳಿಸುವುದು ಆಗದ ಮಾತು, ಆದರೆ ಎಲ್ಲರೂ ಹುರುಪಿನ ಕೇಳುಗರು: ನೂರು ಅಂಕ, ಮಿತಿಯೊಂದಿಗೆ, ಹೆಸರಿಸಿದವರ ಸಂಖ್ಯೆಯನ್ನು ಪಕ್ಕದಲ್ಲಿ ಹಾಕಿ. ವರ್ಷವಿಡೀ ಅಂಕ ಬರೆದಿಟ್ಟ ಗುಂಪು: ಕಾಲ್ಪನಿಕ ಚೀಟಿ ಸೇರಿಸಿದ ಸರಾಸರಿಯಿಂದ ಮೇಲಿನ ಹದಿನೈದನ್ನು ಆರಿಸಿ, ಅಲ್ಲಿಂದ ಮುಂದಕ್ಕೆ ಸ್ಥಾನ. ದೊಡ್ಡ, ಸಡಿಲ ಗುಂಪು: ಟಿಕ್. ಒಬ್ಬರೇ: ನಡುವಿನದರ ಜೊತೆ ಹೋಲಿಸುವ ಕ್ರಮ.

ಚೀಟಿಯಲ್ಲಿ ಆಲ್ಬಂ ಹೆಸರನ್ನು ಕೈಯಾರೆ ಟೈಪ್ ಮಾಡಲು ಬಿಡಬೇಡಿ. ಒಂದೇ ಹೆಸರಿಗೆ ನಾಲ್ಕು ಕಾಗುಣಿತ ಬಂದು ಮತ ನಾಲ್ಕು ಕಡೆ ಒಡೆಯುತ್ತದೆ, ಕಲಾವಿದರ ಹೆಸರೇ ಆಲ್ಬಂ ಹೆಸರಾಗಿರುವಲ್ಲಿ ಗೊಂದಲ ಇನ್ನೂ ಹೆಚ್ಚು. ಕಲಾವಿದರು, ಆಲ್ಬಂ, ಬಿಡುಗಡೆ ದಿನಾಂಕ ಮೂರೂ ಇರುವ ಪಟ್ಟಿ ಕೊಟ್ಟು ಅದರಿಂದಲೇ ಆರಿಸಲು ಹೇಳಿ. ವಾದ ಮಾಡುವವರಿಗೆ ಒಂದೇ ಷರತ್ತು ಸಾಕು: ಹಾಡು ಮತ್ತು ನಿಮಿಷ ಹೇಳಬೇಕು. ‘ನಿರ್ಮಾಣ ಚೆನ್ನಾಗಿಲ್ಲ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ‘ನಾಲ್ಕನೇ ಹಾಡಿನ 1:40ಕ್ಕೆ ಡ್ರಮ್ ಬಂದಾಗ ಗಾಯನ ಮುಳುಗಿಹೋಗುತ್ತದೆ’ ಎಂದರೆ ಎಲ್ಲರೂ ಹೋಗಿ ಕೇಳಬಹುದು.

ಸಮಬಲ ಬಂದರೆ ಮೊದಲು ಆ ಎರಡೇ ಆಲ್ಬಂಗಳ ನೇರ ಹೋಲಿಕೆ. ಅದೂ ಸಮವಾದರೆ ಹೆಚ್ಚು ಜನ ಹೆಸರಿಸಿದ್ದು. ಅದೂ ಸಮವಾದರೆ ಹೆಚ್ಚು ಮೊದಲ ಸ್ಥಾನ ಪಡೆದದ್ದು. ಇಷ್ಟಾದ ಮೇಲೂ ಬಿಡಿಸಲಾಗದಿದ್ದರೆ ಎರಡನ್ನೂ ಒಂದೇ ಸ್ಥಾನದಲ್ಲಿ ಇಟ್ಟು, ಅದರ ಮುಂದಿನ ಸಂಖ್ಯೆಯನ್ನು ಖಾಲಿ ಬಿಡಿ.